ದುಡಿಯುವವರನ್ನು ಉಳಿಸಿಕೊಂಡ ಬಗೆ: ಜಮ್‌ಶೆಟ್‌ಜಿ ಟಾಟಾ ಅವರ ಜೀವನ

ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಒಕ್ಕಲುತನದವರಿದ್ದಾರೆ, ವರ್ತಕರಿದ್ದಾರೆ, ಅರಳೆ ಗಿರಣಿ, ಅಕ್ಕಿ ಗಿರಣಿ, ಮುದ್ರಣಾಲಯ ನಡೆಸುವವರಿದ್ದಾರೆ, ಶಾಲೆ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರೂ ಇದ್ದಾರೆ. ದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ನಮ್ಮ ಕಾರ್ಯಾಲಯದಲ್ಲಿ ಅರೆಗಳಿಗೆ ಕುಳಿತಾಗ ಇತ್ತೀಚಿನ ವರ್ಷಗಳಲ್ಲಿ ಇವರೆಲ್ಲರ ಬಾಯಿಂದ ಬರುವ ಮಾತು ಒಂದೇ: ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ, ನಿಂತರೂ ಮನಸ್ಸಿಟ್ಟು ಮಾಡುವುದಿಲ್ಲ. ಈ ಮಾತನ್ನು ಆಡುವವರಲ್ಲಿ ನಾವೂ ಒಬ್ಬರಾಗಿದ್ದೆವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಹಿಂದೊಮ್ಮೆ ನಾವು ಸದಸ್ಯರಾಗಿದ್ದ ಒಂದು ಶಿಕ್ಷಣ ಸಂಸ್ಥೆಯ ಸಮಿತಿಯಲ್ಲಿ, ತಡವಾಗಿ ಬರುವ ಶಿಕ್ಷಕರ ಸಂಬಳದಲ್ಲಿ ಮುರಿದುಕೊಳ್ಳಬೇಕೆಂಬ ಠರಾವಿಗೆ ನಾವೂ ಕೈ ಎತ್ತಿದ್ದೆವು. ಹಾಜರಿ ಪುಸ್ತಕ ಮೂರು ತಿಂಗಳು ಅಚ್ಚುಕಟ್ಟಾಗಿತ್ತು. ವರ್ಷದ ಕೊನೆಗೆ ಒಳ್ಳೆಯ ಶಿಕ್ಷಕರಲ್ಲಿ ನಾಲ್ವರು ಬೇರೆ ಊರು ಹಿಡಿದಿದ್ದರು.

ಅಂದಿನಿಂದ ಈ ವಿಷಯವಾಗಿ ಓದುತ್ತ ಬಂದಾಗ ನಮ್ಮನ್ನು ಬಹಳವಾಗಿ ತಡೆದು ನಿಲ್ಲಿಸಿದ ಜೀವನವೆಂದರೆ ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ ಅವರದು. ಅವರನ್ನು ಉಕ್ಕಿನ ಕಾರ್ಖಾನೆಯ ಕನಸು ಕಂಡವರೆಂದು, ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಮೂಲ ಪುರುಷರೆಂದು ಎಲ್ಲರೂ ಬಲ್ಲರು. ಆದರೆ ನಾಗಪುರದ ಒಂದು ಬಟ್ಟೆ ಗಿರಣಿಯಲ್ಲಿ, ಹಾಜರಿ ಪುಸ್ತಕದ ಖಾಲಿ ಮನೆಗಳನ್ನು ಎದುರಿಗಿಟ್ಟುಕೊಂಡು ಅವರು ಮಾಡಿದ ಯೋಚನೆ ಅಷ್ಟಾಗಿ ಜನಕ್ಕೆ ತಿಳಿದಿಲ್ಲ. ಈ ಲೇಖನದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಜಮ್‌ಶೆಟ್‌ಜಿಯವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತದ ನವಸಾರಿಯಲ್ಲಿ. ಅವರದು ಪಾರ್ಸಿ ಪುರೋಹಿತರ ಮನೆತನ. ತಲೆತಲಾಂತರದಿಂದ ಅಗ್ನಿಯ ಮುಂದೆ ಕುಳಿತು ಮಂತ್ರ ಹೇಳುತ್ತಿದ್ದ ಆ ಮನೆಯಿಂದ ವ್ಯಾಪಾರಕ್ಕೆಂದು ಮುಂಬಯಿಗೆ ಹೊರಟ ಮೊದಲಿಗರು ತಂದೆ ನಸರ್‌ವಾನ್‌ಜಿಯವರು. ಪೌರೋಹಿತ್ಯ ಬಿಟ್ಟು ಗೋದಾಮಿನ ಲೆಕ್ಕಕ್ಕೆ ಕುಳಿತುಕೊಳ್ಳುವುದು ಕುಲಕ್ಕೆ ಕುಂದೆಂದು ಅವರು ಬಗೆಯಲಿಲ್ಲ. ದುಡಿಮೆಯಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಪರಂಪರೆಯ ನಮಗೆ ಇದು ಗಮನಿಸತಕ್ಕ ಸಂಗತಿಯೇ. ಬಾಲಕ ಜಮ್‌ಶೆಟ್‌ಜಿ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ತಂದೆಯ ಬಳಿಗೆ ಮುಂಬಯಿಗೆ ಬಂದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1858ರಲ್ಲಿ ವ್ಯಾಸಂಗ ಮುಗಿಸಿದರು. ಓದುವ ಚಟ ಕೊನೆಯವರೆಗೂ ಬಿಡಲಿಲ್ಲ. ಹೀರಾಬಾಯಿಯವರೊಡನೆ ವಿವಾಹವು ಚಿಕ್ಕ ವಯಸ್ಸಿನಲ್ಲಿಯೇ ಆಗಿತ್ತು. ಮರುವರ್ಷವೇ ತಂದೆಯ ವ್ಯಾಪಾರದ ನಿಮಿತ್ತ ಹಾಂಗ್‌ಕಾಂಗ್‌ಗೆ ಹೋದರು.

ಅವರ ಜೀವನದ ಮೊದಲ ದೊಡ್ಡ ಪಾಠ ಲಾಭದಿಂದಲ್ಲ, ನಷ್ಟದಿಂದ ಬಂದಿತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿದೊಡನೆ ಆ ಬೆಲೆ ಕುಸಿಯಿತು. ಮುಂಬಯಿಯ ಎಷ್ಟೋ ಮನೆತನಗಳು ದಿವಾಳಿಯಾದವು. ಆಗ ಲಂಡನ್ನಿನಲ್ಲಿದ್ದ ಯುವಕ ಜಮ್‌ಶೆಟ್‌ಜಿಯವರ ಕೈಯಲ್ಲಿದ್ದ ಹುಂಡಿಗಳಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ. ಅವರು ತಲೆಮರೆಸಿಕೊಳ್ಳದೆ ಸಾಲ ಕೊಟ್ಟವರೆದುರು ಲೆಕ್ಕವನ್ನೆಲ್ಲ ತೆರೆದಿಟ್ಟರು. ಅವರ ನೇರ ನಡೆಗೆ ಮೆಚ್ಚಿದ ಸಾಲಗಾರರು ವ್ಯವಹಾರವನ್ನು ಇತ್ಯರ್ಥಗೊಳಿಸುವ ಕೆಲಸವನ್ನು ಅವರಿಗೇ ವಹಿಸಿದರು. ಮುಂದೆ 1868ರಲ್ಲಿ 21,000 ರೂಪಾಯಿ ಬಂಡವಾಳದೊಡನೆ ಸ್ವಂತ ವ್ಯಾಪಾರ ಆರಂಭವಾಯಿತು. ಮುಂಬಯಿಯ ಚಿಂಚಪೋಕಳಿಯಲ್ಲಿ ಮುಚ್ಚಿಹೋಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು, ಬಟ್ಟೆ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷ ನಡೆಸಿ ಲಾಭಕ್ಕೆ ಮಾರಿದರು. ಅನಂತರ ಇಂಗ್ಲೆಂಡಿಗೆ ಹೋಗಿ ಲ್ಯಾಂಕಾಶೈರ್ ಪ್ರಾಂತದ ನೂಲಿನ ಉದ್ಯಮವನ್ನು ಹತ್ತಿರದಿಂದ ಕಂಡು ಬಂದರು.

ಹೊಸ ಗಿರಣಿಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ ಮುಂಬಯಿಯನ್ನು ತೋರಿಸಿದರು. ಅವರು ನಾಗಪುರವನ್ನು ಆರಿಸಿದರು. ಹತ್ತಿ ಬೆಳೆಯುವ ಹೊಲಗಳು ಅಲ್ಲಿಗೆ ಹತ್ತಿರ; ವರೋರಾದ ಕಲ್ಲಿದ್ದಲ ಗಣಿ ಹತ್ತಿರ; ರೈಲು ಆಗಲೇ ಬಂದಿತ್ತು. 1874ರಲ್ಲಿ ಹದಿನೈದು ಲಕ್ಷ ರೂಪಾಯಿ ಬಂಡವಾಳದ ಸಂಸ್ಥೆ ಸ್ಥಾಪನೆಯಾಯಿತು. ದೊರೆತ ನೆಲ ಕೆರೆಯಂಚಿನ ಜೌಗು ಭೂಮಿ. ಅದನ್ನು ತುಂಬಲು ಮಣ್ಣು ಹೊರಿಸುತ್ತಿದ್ದಾಗ ಅಲ್ಲಿಯ ಸಾಹುಕಾರನೊಬ್ಬನು ಸಾಲ ಕೇಳಿದರೆ ನಕ್ಕು, ಈ ಮನುಷ್ಯ ಚಿನ್ನವನ್ನು ಕೆಸರಿಗೆ ಸುರಿಯುತ್ತಿದ್ದಾನೆ ಎಂದು ಕಳುಹಿಸಿಬಿಟ್ಟನಂತೆ. ವರ್ಷಗಳ ಮೇಲೆ ಅದೇ ಸಾಹುಕಾರನು, ಇವರು ನೆಲಕ್ಕೆ ಹಾಕಿದ್ದು ಮಣ್ಣು, ತೆಗೆದದ್ದು ಚಿನ್ನ ಎಂದು ತನ್ನ ಮಾತನ್ನು ತಿದ್ದಿಕೊಂಡನೆಂದು ಅವರ ಜೀವನ ಚರಿತ್ರೆಗಳಲ್ಲಿ ಬರುತ್ತದೆ.

1877ರ ಜನವರಿ 1ರಂದು ಗಿರಣಿ ಆರಂಭವಾಯಿತು. ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಸಾಮ್ರಾಜ್ಞಿಯೆಂದು ಸಾರಿದ ದಿನವೂ ಅದೇ ಆದುದರಿಂದ ಎಂಪ್ರೆಸ್ ಮಿಲ್ ಎಂಬ ಹೆಸರು ಬಿದ್ದಿತು.

ಗಿರಣಿಯ ಮೊದಲ ವರ್ಷಗಳು ಸುಖದವಾಗಿರಲಿಲ್ಲ. ಕಡಿಮೆ ಬೆಲೆಗೆ ತಂದ ಯಂತ್ರಗಳು ಕೈಕೊಟ್ಟವು. ಸಂಸ್ಥೆಯ ಪಾಲುಪತ್ರಗಳ ಬೆಲೆ ಇಳಿಯಿತು. ಇನ್ನೊಂದು ಸಂಗತಿಯನ್ನು ಟಾಟಾ ಅವರ ಸ್ತುತಿ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ; ನಾವು ಬಿಡಲಾರೆವು. ನಮ್ಮ ದೇಶದ ಕಾರ್ಮಿಕ ಚರಿತ್ರೆಯಲ್ಲಿ ದಾಖಲಾದ ಮೊದಮೊದಲ ಮುಷ್ಕರಗಳಲ್ಲಿ ಒಂದು ನಡೆದದ್ದು 1877ರಲ್ಲಿ, ಇದೇ ಗಿರಣಿಯಲ್ಲಿ, ಕೂಲಿಯ ದರದ ವಿಷಯವಾಗಿ. ದುಡಿಯುವವರ ಹಿತಚಿಂತಕರೆಂದು ಮುಂದೆ ಹೆಸರಾದವರ ಗಿರಣಿಯೇ ತನ್ನ ಮೊದಲ ವರ್ಷದಲ್ಲಿ ಕೆಲಸಗಾರರ ಅಸಮಾಧಾನವನ್ನು ಕಂಡಿತು. ಅವರು ಹುಟ್ಟಿನಿಂದಲೇ ಎಲ್ಲವನ್ನೂ ಬಲ್ಲವರಾಗಿರಲಿಲ್ಲ. ಕಲಿತರು.

ಕಲಿಯಬೇಕಾದ ಮುಖ್ಯ ಪಾಠ ಹಾಜರಿಯದು. ನಾಗಪುರದ ಕೆಲಸಗಾರರು ಹೊಲಮನೆಗಳಿಂದ ಬಂದವರು. ಬಿತ್ತನೆ, ಸುಗ್ಗಿ, ಜಾತ್ರೆ, ಮದುವೆ, ಹೀಗೆ ಅವರ ವರ್ಷಕ್ಕೆ ಬೇರೆಯೇ ಒಂದು ಲಯವಿತ್ತು. ಗಿರಣಿಯ ಗಂಟೆಗೆ ಆ ಲಯದ ಪರಿಚಯವಿರಲಿಲ್ಲ. ಕೆಲವು ದಿನದ ಊಟಕ್ಕಾಗುವಷ್ಟು ಕೂಲಿ ಕೈಗೆ ಬಂದರೆ ಉಳಿದ ದಿನ ಮನೆಯಲ್ಲಿರುವುದು ಅವರಿಗೆ ಸಹಜವಾಗಿ ಕಾಣುತ್ತಿತ್ತು. ಯಾವ ದಿನ ನೋಡಿದರೂ ಐವರಲ್ಲಿ ಒಬ್ಬರಷ್ಟು ಜನ ಗೈರುಹಾಜರಾಗಿರುತ್ತಿದ್ದರೆಂದೂ, ಮುಂಬಯಿಯ ಗಿರಣಿಗಳಲ್ಲಿ ಈ ಪ್ರಮಾಣ ಅದರ ಅರ್ಧದಷ್ಟಿತ್ತೆಂದೂ ತಿಳಿದುಬರುತ್ತದೆ. ನೂಲುವ ಯಂತ್ರದ ಮುಂದೆ ನಿಲ್ಲಬೇಕಾದವನು ಬಾರದಿದ್ದರೆ ಆ ಯಂತ್ರದ ನೂಲಿಲ್ಲ. ನೂಲಿಲ್ಲದಿದ್ದರೆ ಮಗ್ಗಕ್ಕೆ ಕೆಲಸವಿಲ್ಲ. ಹಾಜರಾದ ನೇಯ್ಗೆಯವನಿಗೂ ಅಂದಿನ ಕೂಲಿ ಕಡಿಮೆ. ಗೈರುಹಾಜರಿಯ ನಷ್ಟ ಯಜಮಾನನಿಗೆ ಮಾತ್ರವಲ್ಲ, ಪಕ್ಕದ ಕೆಲಸಗಾರನಿಗೂ ತಟ್ಟುತ್ತಿತ್ತು.

ಇಂಥ ಸಂದರ್ಭದಲ್ಲಿ ಆ ಕಾಲದ ಗಿರಣಿಗಳಿಗೆ ತಿಳಿದಿದ್ದ ಔಷಧ ಎರಡು: ದಂಡ ಮತ್ತು ವಜಾ. ಕೆಲಸಗಾರನನ್ನು ನೇಮಿಸುವುದು, ತೆಗೆಯುವುದು, ಅವನಿಂದ ಕಾಣಿಕೆ ಕೀಳುವುದು ಎಲ್ಲವೂ ಮೇಸ್ತ್ರಿಯ ಕೈಯಲ್ಲಿರುತ್ತಿತ್ತು. ಕೆಲಸದ ವೇಳೆಗೆ ಕಾನೂನಿನ ಮಿತಿ ಇರಲಿಲ್ಲ. ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಅದು ಮಕ್ಕಳ ದುಡಿಮೆಗೆ ಮಾತ್ರ ಮಿತಿ ಹಾಕಿತು. ವಯಸ್ಕ ಗಂಡಸಿನ ದುಡಿಮೆಗೆ ದಿನಕ್ಕೆ ಹನ್ನೆರಡು ಗಂಟೆಯೆಂಬ ಮಿತಿ ಬರಲು 1911ರವರೆಗೆ ಕಾಯಬೇಕಾಯಿತು. ಅಂಥ ಕಾಲದಲ್ಲಿ ಜಮ್‌ಶೆಟ್‌ಜಿಯವರು ಕೇಳಿಕೊಂಡ ಪ್ರಶ್ನೆ, ಬಾರದವನನ್ನು ಹೇಗೆ ಶಿಕ್ಷಿಸಬೇಕು ಎಂಬುದಾಗಿರಲಿಲ್ಲ; ಅವನು ಏಕೆ ಬರಬೇಕು ಎಂಬುದಾಗಿತ್ತು ಎಂದು ಅವರ ಮುಂದಿನ ನಡೆಯಿಂದ ನಾವು ಊಹಿಸುತ್ತೇವೆ.

ಮೊದಲು ಅವರು ಗಿರಣಿಯ ಗಾಳಿಯನ್ನು ನೋಡಿದರು. ನಾಗಪುರದ ಬೇಸಿಗೆಯನ್ನು ಕಂಡವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಒಣಗಿದ ಗಾಳಿಯಲ್ಲಿ ಹತ್ತಿಯ ಎಳೆ ಬಿರುಸಾಗಿ ಪದೇಪದೇ ತುಂಡಾಗುತ್ತದೆ. ತುಂಡಾದ ಎಳೆಯನ್ನು ಹೊಸೆದು ಕೂಡಿಸಲು ಕೆಲಸಗಾರನು ಯಂತ್ರದ ಉದ್ದಕ್ಕೂ ಓಡಾಡಬೇಕು. ಓಡಾಡಿದಷ್ಟೂ ದಣಿವು ಹೆಚ್ಚು, ಹೊರಡುವ ನೂಲು ಕಡಿಮೆ. ಮೇಲೆ ಹತ್ತಿಯ ಧೂಳು ಎದೆಗೆ ಇಳಿಯುತ್ತದೆ. ಅವರು ಗಾಳಿಯಾಡುವ ವ್ಯವಸ್ಥೆಯನ್ನೂ, ಗಾಳಿಗೆ ತೇವ ಕೂಡಿಸುವ ಯಂತ್ರಗಳನ್ನೂ, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಕೊಳವೆಗಳನ್ನೂ ತರಿಸಿದರು. ನಮ್ಮ ದೇಶದ ಗಿರಣಿಗಳಲ್ಲಿ ಇವು ಆಗ ಕೇಳರಿಯದ ವಸ್ತುಗಳು. ಇದರಲ್ಲಿ ಧರ್ಮವೆಷ್ಟು, ವ್ಯಾಪಾರವೆಷ್ಟು ಎಂದು ಬೇರ್ಪಡಿಸಲು ಹೊರಟರೆ ಕೈಗೆ ಏನೂ ಸಿಕ್ಕದು. ಎಳೆ ತುಂಡಾಗದಿದ್ದರೆ ಯಜಮಾನನಿಗೆ ಲಾಭ. ಅದೇ ಗಾಳಿಯಲ್ಲಿ ದುಡಿಯುವವನಿಗೂ ಉಸಿರಾಟ ಸಲೀಸು. ದುಡಿಯುವವನ ಸುಖವನ್ನು ಖರ್ಚಿನ ಕಲಮಿನಲ್ಲಿ ಮಾತ್ರ ಬರೆಯುವ ನಮ್ಮ ಆಡಳಿತ ಮಂಡಳಿಗಳು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಎರಡನೆಯದು ಮುಂದಿನ ಬದುಕಿನ ಭರವಸೆ. 1886ರಲ್ಲಿ ಗಿರಣಿಯಲ್ಲಿ ಪಿಂಚಣಿ ನಿಧಿ ಸ್ಥಾಪನೆಯಾಯಿತು. 1895ರಲ್ಲಿ ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಪದ್ಧತಿ ಆರಂಭವಾಯಿತು. ಭವಿಷ್ಯನಿಧಿಯ ವ್ಯವಸ್ಥೆಯೂ ಬಂದಿತು. ಈ ವರ್ಷಗಳನ್ನು ಸ್ವಲ್ಪ ತಡೆದು ನೋಡಬೇಕು. ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಕೊಡಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1923ರಲ್ಲಿ. ಭವಿಷ್ಯನಿಧಿಯ ಕಾನೂನು ಬಂದದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ. ದಿನಗೂಲಿಯವನ ಕಣ್ಣು ಇಂದಿನ ಸಂಜೆಯಾಚೆಗೆ ಹೋಗುವುದಿಲ್ಲವೆಂದು ನಾವು ಆಕ್ಷೇಪಿಸುತ್ತೇವೆ. ಅವನಿಗೆ ನಾಳೆ ಎಂಬುದನ್ನು ಯಾರೂ ಕೊಟ್ಟೇ ಇರುವುದಿಲ್ಲ. ಮುಪ್ಪಿನ ಕಾಲಕ್ಕೆ ಹಣ ಕೂಡುತ್ತಿದೆ, ಕೈ ಹೋದರೆ ಮನೆಯವರು ಬೀದಿಗೆ ಬೀಳರು ಎಂಬ ನೆಚ್ಚಿಕೆ ಹುಟ್ಟಿದ ಮೇಲೆ ಆ ಕೆಲಸ ಅವನಿಗೆ ಅನ್ಯರದಾಗಿ ಉಳಿಯುವುದಿಲ್ಲ.

ಇದು ಕೆಲಸಗಾರನನ್ನು ಕಟ್ಟಿಹಾಕುವ ಚಿನ್ನದ ಸರಪಳಿಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಳ್ಳಿಹಾಕುವಂಥದಲ್ಲ. ನಿಧಿಯೊಂದನ್ನೇ ಕೊಟ್ಟು ಉಳಿದದ್ದನ್ನು ಮೇಸ್ತ್ರಿಯ ಕೋಲಿಗೆ ಬಿಟ್ಟಿದ್ದರೆ ಹಾಗೆಯೇ ಆಗುತ್ತಿತ್ತು. ಆದರೆ ಅವರ ಮೂರನೆಯ ಕ್ರಮವು ಹಣಕ್ಕೆ ಸಂಬಂಧಿಸಿದ್ದಲ್ಲ, ಮಾನಕ್ಕೆ ಸಂಬಂಧಿಸಿದ್ದು. ಗಿರಣಿಯಲ್ಲಿ ಕ್ರೀಡೆಯ ದಿನಗಳು, ಮನೆಮಂದಿಯೆಲ್ಲ ಬರುವ ದಿನಗಳು ಏರ್ಪಟ್ಟವು. ಬಹುಮಾನ ಹಂಚುವ ಸಮಾರಂಭಗಳಲ್ಲಿ ಗಡಿಯಾರ, ಸರ, ಕಡಗ, ಬಟ್ಟೆಯ ಥಾನು, ನಗದು ಹಣಗಳನ್ನು ಎಲ್ಲರೆದುರು ಕೆಲಸಗಾರರಿಗೆ ಕೊಡುತ್ತಿದ್ದರು. ದೊಡ್ಡವರು ಕುಳಿತ ಸಭೆಯಲ್ಲಿ ನೂಲುವವನೊಬ್ಬನ ಹೆಸರನ್ನು ಕೂಗಿ ಕರೆಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಹೆಂಡತಿ ಮಕ್ಕಳು ಅದನ್ನು ಕಣ್ಣಾರೆ ಕಾಣುತ್ತಿದ್ದರು. ಬರಬರುತ್ತ ಎಂಪ್ರೆಸ್ ಮಿಲ್ಲಿನವನು ಎನ್ನಿಸಿಕೊಳ್ಳುವುದೇ ಹಳ್ಳಿಗಳಲ್ಲಿ ಒಂದು ಗೌರವವಾಯಿತು.

ನಮ್ಮ ಸಂಸ್ಥೆಗಳಲ್ಲಿಯೂ ವಾರ್ಷಿಕೋತ್ಸವಗಳು ನಡೆಯುತ್ತವೆ. ಶಾಲು ಹಾರಗಳು ದಾನಿಗಳಿಗೆ, ಅತಿಥಿಗಳಿಗೆ, ಪದಾಧಿಕಾರಿಗಳಿಗೆ ಸಂದು, ಗಂಟೆ ಬಾರಿಸುವವನ ಸರದಿ ಬರುವ ಹೊತ್ತಿಗೆ ವಂದನಾರ್ಪಣೆಯೂ ಮುಗಿದಿರುತ್ತದೆ. ಇದನ್ನು ಯಾರನ್ನೂ ನೋಯಿಸಲು ಬರೆದದ್ದಲ್ಲ; ಆ ಪಟ್ಟಿಗಳನ್ನು ಸಿದ್ಧಪಡಿಸುವವರು ನಾವೇ.

ಜಮ್‌ಶೆಟ್‌ಜಿಯವರ ಯಶಸ್ಸಿನ ಅರ್ಧ ಪಾಲು ಅವರು ಆರಿಸಿದ ಮನುಷ್ಯರಿಗೆ ಸಲ್ಲಬೇಕು. ಗಿರಣಿಯ ಮೇಲ್ವಿಚಾರಣೆಗೆ ಅವರು ತಂದದ್ದು ಬೆಜನ್‌ಜಿ ದಾದಾಭಾಯಿ ಮೆಹ್ತಾ ಎಂಬವರನ್ನು. ಬೆಜನ್‌ಜಿಯವರು ರೈಲ್ವೆಯ ಸರಕು ವಿಭಾಗದಲ್ಲಿದ್ದವರು. ನೂಲು ನೇಯ್ಗೆಯ ಗಂಧ ಅವರಿಗಿರಲಿಲ್ಲ. ಅವರ ಪ್ರಾಮಾಣಿಕತೆಯನ್ನೂ ವ್ಯವಸ್ಥೆಯ ಬುದ್ಧಿಯನ್ನೂ ನೋಡಿ ಆರಿಸಿದರು. ಯಂತ್ರದ ವಿದ್ಯೆಗೆ ಜೇಮ್ಸ್ ಬ್ರೂಕ್ಸ್‌ಬಿ ಎಂಬ ಇಂಗ್ಲಿಷ್ ತಜ್ಞರನ್ನು ಜೊತೆಗಿಟ್ಟರು. ಆರಿಸಿದ ಮೇಲೆ ನಂಬಿದರು. ಮುಂಬಯಿಯಲ್ಲಿ ಕುಳಿತು ದಿನಕ್ಕೊಂದು ಆಜ್ಞೆ ಕಳುಹಿಸುವ ಯಜಮಾನ ಅವರಾಗಲಿಲ್ಲ. ಬೆಜನ್‌ಜಿಯವರು ದಶಕಗಳ ಕಾಲ ಆ ಗಿರಣಿಯನ್ನು ನಡೆಸಿದರು. ರಿಂಗ್ ಕದಿರು ಎಂಬ ಹೊಸ ಬಗೆಯ ನೂಲುವ ಯಂತ್ರವನ್ನು ಲ್ಯಾಂಕಾಶೈರಿನವರೇ ಇನ್ನೂ ಅನುಮಾನದಿಂದ ನೋಡುತ್ತಿದ್ದಾಗ ನಾಗಪುರದಲ್ಲಿ ಪರೀಕ್ಷಿಸಿ ಅಳವಡಿಸಿಕೊಳ್ಳಲು ಸಾಧ್ಯವಾದದ್ದು, ತಪ್ಪಾದರೆ ತಲೆ ಹೋಗುವುದಿಲ್ಲವೆಂಬ ಧೈರ್ಯ ಅಲ್ಲಿ ದುಡಿಯುವ ಹಿರಿಯರಿಗೆ ಇದ್ದುದರಿಂದ ಎಂದು ನಮಗೆ ತೋರುತ್ತದೆ. ಓದಿದ ತರುಣರನ್ನು ತೆಗೆದುಕೊಂಡು, ವೇತನ ಕೊಟ್ಟು, ಒಂದೊಂದು ವಿಭಾಗದಲ್ಲಿಯೂ ದುಡಿಸಿ ಕಲಿಸುವ ಶಿಷ್ಯವೃತ್ತಿಯ ಪದ್ಧತಿಯನ್ನೂ ಅಲ್ಲಿ ತಂದರು.

ಇನ್ನೊಂದು ವಿಷಯ ಲೆಕ್ಕಪತ್ರ ಬಲ್ಲವರಿಗೆ ರುಚಿಸೀತು. ಆ ಕಾಲದ ಮುಂಬಯಿಯಲ್ಲಿ ಗಿರಣಿಗಳ ಆಡಳಿತ ನಡೆಸುವ ಏಜೆಂಟರು, ತಯಾರಾದ ನೂಲಿನ ತೂಕದ ಮೇಲೆ ತಮ್ಮ ದಳ್ಳಾಳಿ ತೆಗೆದುಕೊಳ್ಳುತ್ತಿದ್ದರು. ಗಿರಣಿಗೆ ನಷ್ಟವಾದರೂ ಅವರ ಪಾಲಿಗೆ ಕುತ್ತಿರಲಿಲ್ಲ. ಜಮ್‌ಶೆಟ್‌ಜಿಯವರು ತಮ್ಮ ಪಾಲನ್ನು ಲಾಭಕ್ಕೆ ಕಟ್ಟಿದರು. ಲಾಭವಿಲ್ಲದಿದ್ದರೆ ತಮಗೂ ಇಲ್ಲ. ಕಾಯಕದ ಮಹಿಮೆಯನ್ನು ದುಡಿಸಿಕೊಳ್ಳುವವರು ದುಡಿಯುವವರಿಗೆ ಉಪದೇಶಿಸುವುದನ್ನು ನಾವು ಅನೇಕ ವೇದಿಕೆಗಳಲ್ಲಿ ಕೇಳಿದ್ದೇವೆ. ದುಡಿಸಿಕೊಳ್ಳುವವನ ಕಾಯಕವೇನು ಎಂಬುದು ಅಲ್ಲಿ ಅಪರೂಪಕ್ಕೆ ಬರುವ ವಿಷಯ. ಮೇಲಿನವನು ನಷ್ಟದಲ್ಲಿ ಪಾಲು ಹೊರದಿರುವ ಮನೆಯಲ್ಲಿ ಕೆಳಗಿನವನು ಮನಸ್ಸಿಟ್ಟು ದುಡಿಯಬೇಕೆಂದು ಹೇಳಲು ನಮಗೆ ನಾಲಗೆ ಏಳುವುದಿಲ್ಲ.

ನಾಗಪುರ ನೆಲೆ ನಿಂತ ಮೇಲೆ, 1886ರಲ್ಲಿ, ಮುಂಬಯಿಯ ಕುರ್ಲಾದಲ್ಲಿ ಹಾಳುಬಿದ್ದಿದ್ದ ಧರಮ್‌ಸಿ ಗಿರಣಿಯನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಅಗ್ಗಕ್ಕೆ ಸಿಕ್ಕಿದೆಯೆಂದು ಕೊಂಡದ್ದು ಕುತ್ತಿಗೆಗೆ ಬಂದಿತು. ಯಂತ್ರಗಳು ಸವೆದಿದ್ದವು, ಕಟ್ಟಡ ಕೆಟ್ಟಿತ್ತು, ಟಾಟಾ ಹೆಸರಿನ ಮೇಲೆಯೇ ಜನ ಸಂಶಯಪಡುವಂತಾಯಿತು. ನಾಗಪುರದ ಗಿರಣಿಯ ತಮ್ಮ ಪಾಲುಪತ್ರಗಳಲ್ಲಿ ಕೆಲವನ್ನು ಮಾರಿ ಹಣ ಹಾಕಿದರು. ನಾಗಪುರದಲ್ಲಿ ಪಳಗಿದ ಜನರನ್ನು ಕರೆತಂದರು. ವರ್ಷಗಳ ಶ್ರಮದ ಮೇಲೆ ಗಿರಣಿ ಚೇತರಿಸಿತು.

ಅವರ ಉಳಿದ ಕಾರ್ಯಗಳು ಪ್ರಸಿದ್ಧವಾಗಿರುವುದರಿಂದ ಬೇಗ ಹೇಳಿ ಮುಗಿಸುತ್ತೇವೆ. 1892ರಲ್ಲಿ ನಮ್ಮ ದೇಶದ ತರುಣರು ವಿದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಲು ನಿಧಿ ಸ್ಥಾಪಿಸಿದರು. 1893ರಲ್ಲಿ ಜಪಾನಿನಿಂದ ಅಮೆರಿಕಾ ಖಂಡಕ್ಕೆ ಹೋಗುವ ಹಡಗಿನಲ್ಲಿ ಸ್ವಾಮಿ ವಿವೇಕಾನಂದರ ಸಹಪ್ರಯಾಣಿಕರಾಗಿದ್ದರು. ಐದು ವರ್ಷದ ಮೇಲೆ ತಮ್ಮ ವಿಜ್ಞಾನ ಸಂಸ್ಥೆಯ ಯೋಜನೆಗೆ ಸ್ವಾಮೀಜಿಯವರ ನೆರವು ಕೋರಿ ಪತ್ರ ಬರೆದರು. ಆ ಸಂಸ್ಥೆಗಾಗಿ ಸುಮಾರು ಮೂವತ್ತು ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮೀಸಲಿಟ್ಟರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ನೆಲ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ರೂಪುಗೊಂಡು, 1911ರಲ್ಲಿ ವಿದ್ಯಾರ್ಥಿಗಳು ಬಂದರು. ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಜಪಾನಿನ ರೇಷ್ಮೆ ಕೃಷಿಯ ಪದ್ಧತಿಯನ್ನು ಮೈಸೂರು ಸೀಮೆಗೆ ಪರಿಚಯಿಸಲೆಂದು ಅವರು ಬೆಂಗಳೂರಿನಲ್ಲಿ ಆರಂಭಿಸಿದ ತೋಟದ ಹೆಸರೂ, ಟಾಟಾ ಸಿಲ್ಕ್ ಫಾರ್ಮ್ ಎಂದು, ಬಸವನಗುಡಿಯ ಆಸುಪಾಸಿನಲ್ಲಿ ಉಳಿದುಕೊಂಡಿದೆ. 1903ರಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲು ತೆರೆಯಿತು.

ಉಕ್ಕಿನ ಕಾರ್ಖಾನೆಯನ್ನು ಅವರು ಕಾಣಲಿಲ್ಲ. 1902ರಲ್ಲಿ ಅಮೆರಿಕಾಕ್ಕೆ ಹೋಗಿ ಉಕ್ಕಿನ ಕಾರ್ಖಾನೆಗಳನ್ನು ನೋಡಿ ಬಂದ ಅವರು, ಅದೇ ವರ್ಷ ಹಿರಿಯ ಮಗ ದೊರಾಬ್‌ಜಿಯವರಿಗೆ ಒಂದು ಪತ್ರ ಬರೆದರು. ಕಾರ್ಖಾನೆಯ ಸ್ಥಳ ಇನ್ನೂ ಗೊತ್ತಾಗಿರಲಿಲ್ಲ. ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ. ಆದರೂ ಆ ಪತ್ರದಲ್ಲಿ ದುಡಿಯುವವರ ಊರಿನ ಚಿತ್ರವಿದೆ: ಅಗಲವಾದ ಬೀದಿಗಳು, ಬೇಗ ಬೆಳೆದು ನೆರಳು ಕೊಡುವ ಮರಗಳು, ಹುಲ್ಲುಹಾಸು ಮತ್ತು ತೋಟಗಳಿಗೆ ಸಾಕಷ್ಟು ಬಯಲು, ಫುಟ್‌ಬಾಲ್ ಹಾಕಿ ಆಡಲು ಮೈದಾನ, ಹಿಂದೂಗಳ ದೇವಾಲಯಕ್ಕೆ, ಮುಸಲ್ಮಾನರ ಮಸೀದಿಗೆ, ಕ್ರೈಸ್ತರ ಚರ್ಚಿಗೆ ಜಾಗ. ಕುಲುಮೆಗಿಂತ ಮೊದಲು ನೆರಳಿನ ಮರವನ್ನು ನೆನೆದ ಉದ್ಯಮಿಗಳು ಎಷ್ಟು ಜನರಿದ್ದಾರು? ನಾಗಪುರದ ಇಪ್ಪತ್ತೈದು ವರ್ಷಗಳ ಅನುಭವವಿಲ್ಲದಿದ್ದರೆ ಆ ಪತ್ರ ಬರೆಯಲು ಅವರಿಗೂ ಆಗುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

1904ರ ಮಾರ್ಚಿಯಲ್ಲಿ ಹೀರಾಬಾಯಿಯವರು ತೀರಿಕೊಂಡರು. ಆಗಲೇ ಕಾಯಿಲೆಯಿಂದ ಕುಗ್ಗಿದ್ದ ಜಮ್‌ಶೆಟ್‌ಜಿಯವರು ಅದೇ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಎಂಬಲ್ಲಿ ಕಣ್ಣುಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಅವರ ಸಮಾಧಿಯಿದೆ.

ಮಗ ದೊರಾಬ್‌ಜಿಯವರು 1907ರಲ್ಲಿ ಉಕ್ಕಿನ ಸಂಸ್ಥೆಯನ್ನು ಸ್ಥಾಪಿಸಿ, ಸಾಕ್ಚಿ ಎಂಬ ಹಳ್ಳಿಯ ಬಳಿ ಕಾರ್ಖಾನೆ ಕಟ್ಟಿಸಿದರು. 1912ರಲ್ಲಿ ಮೊದಲ ಉಕ್ಕು ಹೊರಬಂದಿತು. ಅದೇ ವರ್ಷ ಅಲ್ಲಿ ಎಂಟು ಗಂಟೆಗಳ ದುಡಿಮೆಯ ದಿನ ಜಾರಿಗೆ ಬಂದಿತು. ದೇಶದ ಕಾನೂನು ಆಗತಾನೆ ಹನ್ನೆರಡು ಗಂಟೆಯ ಮಿತಿಗೆ ಬಂದಿತ್ತು. 1915ರಲ್ಲಿ ಉಚಿತ ವೈದ್ಯೋಪಚಾರ, 1920ರಲ್ಲಿ ಸಂಬಳ ಸಹಿತ ರಜೆ ಬಂದವು. 1919ರಲ್ಲಿ ಊರಿಗೆ ಜಮ್‌ಶೆಡ್‌ಪುರ ಎಂದು ಹೆಸರಾಯಿತು. ಇಷ್ಟಾದರೂ 1920, 1922 ಮತ್ತು 1928ರಲ್ಲಿ ಅಲ್ಲಿ ದೊಡ್ಡ ಮುಷ್ಕರಗಳಾದವು. ಸೌಕರ್ಯಗಳನ್ನು ಮೇಲಿನಿಂದ ಕೊಟ್ಟ ಮಾತ್ರಕ್ಕೆ ಕೆಲಸಗಾರನ ಮಾತನ್ನು ಕೇಳುವ ಹೊಣೆ ತಪ್ಪುವುದಿಲ್ಲವೆಂಬುದನ್ನು ಸಂಸ್ಥೆಯವರು ಕಷ್ಟಪಟ್ಟೇ ಕಲಿಯಬೇಕಾಯಿತು. ಜಮ್‌ಶೆಟ್‌ಜಿಯವರ ಕಾಲದ ಪದ್ಧತಿಯಲ್ಲಿ ಇದೊಂದು ಕೊರತೆಯೇ. ಅವರು ತಂದೆಯಂತೆ ಕೊಟ್ಟರು. ಎದುರಿಗೆ ಕೂರಿಸಿಕೊಂಡು ಕೇಳುವ ಸಂಘಟಿತ ಕ್ರಮ ಇನ್ನೂ ಹುಟ್ಟಿರಲಿಲ್ಲ. ಎಂಪ್ರೆಸ್ ಮಿಲ್ಲು ಕೂಡ ಈಗಿಲ್ಲ. ನೂರು ವರ್ಷಕ್ಕೂ ಮಿಕ್ಕಿ ನಡೆದು, ಬಟ್ಟೆ ಗಿರಣಿಗಳಿಗೆ ಕಷ್ಟಕಾಲ ಬಂದಾಗ ಅದೂ ಮುಚ್ಚಿತು. ಆ ನೆಲದಲ್ಲಿ ಈಗ ಮಾಲ್ ಎದ್ದಿದೆ.

ಈ ಲೇಖನಕ್ಕಾಗಿ 1886, 1895, 1952 ಎಂಬ ಇಸವಿಗಳನ್ನು ಗುರುತುಮಾಡಿಕೊಂಡ ಸಂಜೆ ನಮಗೆ ಒಂದು ಸಂಶಯ ಬಂದು, ನಮ್ಮ ಹೊಣೆಯಲ್ಲಿರುವ ವಿದ್ಯಾರ್ಥಿ ನಿಲಯವೊಂದರ ಭವಿಷ್ಯನಿಧಿಯ ಪಟ್ಟಿಯನ್ನು ತರಿಸಿ ನೋಡಿದೆವು. ಗುಮಾಸ್ತರ ಹೆಸರಿತ್ತು, ನಿಲಯಪಾಲಕರ ಹೆಸರಿತ್ತು. ಅಡುಗೆಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿ ರೊಟ್ಟಿ ಬಡಿಯುವ ಮೂವರು ತಾಯಂದಿರ ಹೆಸರಿರಲಿಲ್ಲ. ಅವರಲ್ಲಿ ಒಬ್ಬರು ಅಲ್ಲಿಗೆ ಬಂದು ಹದಿನಾಲ್ಕು ವರ್ಷ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಮೊದಲು ತಾತ್ಕಾಲಿಕವೆಂದು ಸೇರಿಸಿಕೊಂಡದ್ದು ಹಾಗೆಯೇ ಉಳಿದುಕೊಂಡಿತ್ತು, ಪ್ರತಿ ವರ್ಷದ ಪಟ್ಟಿಗೆ ನಾವು ಸಹಿ ಹಾಕುತ್ತ ಬಂದಿದ್ದೆವು. ಮರುದಿನ ಮೂವರನ್ನೂ ಕಾರ್ಯಾಲಯಕ್ಕೆ ಕರೆಸಿ, ಕುರ್ಚಿ ಹಾಕಿಸಿ, ಅರ್ಜಿಗಳನ್ನು ತುಂಬಿಸಿದೆವು. ಹಿಂದಿನ ವರ್ಷಗಳ ಬಾಕಿಯ ವಿಷಯ ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೆಯ ಅಂಶವಾಗಿದೆ.